ಎಂಬತ್ತೇಳನೇ ಫೋಟೊ

ಆ ಮಳೆಗಾಲದಲ್ಲಿ ಕೋಥ್ರೂಡಿನ ನನ್ನ ಒಂದೇ ಕೋಣೆಯ ಮನೆಗೆ ಮುನ್ನೂರಕ್ಕೂ ಹೆಚ್ಚು ಜನ ಒಂದೇ ಚೀಲದಲ್ಲಿ ಬಂದಿಳಿದರು. ಎಲ್ಲರೂ ಮದುವೆಗೆ ತಯಾರಾಗಿ ನಿಂತವರು. ಕೆಲವರು ಪಾಸ್‌ಪೋರ್ಟ್ ಅಳತೆ, ಕೆಲವರು ಪೋಸ್ಟ್‌ಕಾರ್ಡ್ ಅಳತೆ. ಚೀಲ ಹೊತ್ತು ತಂದವರು ಪುಣೆಯಲ್ಲಿ ನೆಲೆಸಿದ ಉತ್ತರ ಕರ್ನಾಟಕದ ನಮ್ಮ ಕಡೆಯ ಜನರ ಸಂಘವೊಂದರ ಕಾರ್ಯದರ್ಶಿ, ಬ್ಯಾಂಕಿನಿಂದ ನಿವೃತ್ತರಾದವರು. ಸಂಘ ಪ್ರತಿವರ್ಷ ವಧೂವರರ ಸಮಾವೇಶ ನಡೆಸುತ್ತಿತ್ತು. ಅದಕ್ಕೊಂದು ಪರಿಚಯ ಪುಸ್ತಿಕೆ ಅಚ್ಚಾಗಬೇಕಿತ್ತು. ಈ ಸಲ ವೆಬ್‌ಸೈಟೂ ಬೇಕೆಂದು ಯಾರೋ ಸಭೆಯಲ್ಲಿ ಎದ್ದು ಹೇಳಿದ್ದರಂತೆ, ಹಾಗಾಗಿ ನನ್ನ ನೆನಪಾಗಿತ್ತು.

"ನಿಮ್ಮದೂ ಒಂದು ಫಾರ್ಮ್ ತುಂಬಿಬಿಡ್ರಿ ಮೇಡಮ್. ಮರುಮದುವಿಗೂ ಒಂದು ಕಾಲಮ್ ಇಟ್ಟೀವಿ," ಎಂದರು ಅವರು, ಚಹಾ ಕುಡಿಯುತ್ತಾ.

"ಮೊದಲ ಇವರದು ಮುಗೀಲ್ರಿ," ಎಂದೆ.

ಗಂಡನ ಮನೆ ಬಿಟ್ಟು ಬಂದು ಆಗ ಮೂರು ವರ್ಷವಾಗಿತ್ತು. ಜಾಹೀರಾತು ಕಂಪನಿಯ ನೌಕರಿ ಬಿಟ್ಟು ಸ್ವಂತ ಕೆಲಸಕ್ಕೆ ಕೂತು ಎರಡು ವರ್ಷ. ಒಂದು ಕಂಪ್ಯೂಟರ್, ಒಂದು ಸ್ಕ್ಯಾನರ್, ಕಿಟಕಿಯ ಹೊರಗೆ ಪಕ್ಕದ ಕಟ್ಟಡದ ನೀರಿನ ಟ್ಯಾಂಕು. ಹೋಟೆಲಿನ ಮೆನು ಕಾರ್ಡು, ಕಾರ್ಖಾನೆಯ ವೆಬ್‌ಸೈಟು, ಮುಂಜಿಯ ಆಮಂತ್ರಣ, ಬಂದದ್ದೆಲ್ಲ ಮಾಡುತ್ತಿದ್ದೆ. ಸ್ವತಂತ್ರ ಕೆಲಸ ಎಂದರೆ ಯಾರ ಹಂಗೂ ಇಲ್ಲ ಎಂದು ಜನ ಹೊಟ್ಟೆಕಿಚ್ಚು ಪಡುತ್ತಿದ್ದರು. ಹಂಗೂ ಇರಲಿಲ್ಲ, ಮಾತೂ ಇರಲಿಲ್ಲ. ಕೆಲವು ದಿನ ಸಂಜೆ ತರಕಾರಿಯವಳ ಹತ್ತಿರ ಮರಾಠಿಯಲ್ಲಿ ಕೊತ್ತಂಬರಿಯ ದರ ಕೇಳಿದಾಗಲೇ ಬೆಳಗಿನಿಂದ ಬಾಯಿ ತೆರೆದಿಲ್ಲವೆಂದು ತಿಳಿಯುತ್ತಿತ್ತು. ಗಂಟಲು ಕೆರೆದಂತಾಗಿ ದನಿ ಹೊರಡುತ್ತಿತ್ತು.

ಅದಕ್ಕೇ ಬ್ಲಾಗು ಶುರು ಮಾಡಿದ್ದು. ಕನ್ನಡದಲ್ಲಿ, ನನ್ನ ಕಸುಬಿನ ಬಗ್ಗೆ: ಅಂಗಡಿ ಬೋರ್ಡುಗಳ ಅಕ್ಷರ, ಬಣ್ಣ, ಅಚ್ಚಿನ ಕಾಗದ ಹೀಗೆ. ದಿನಕ್ಕೆ ಎಂಟೋ ಹತ್ತೋ ಜನ ಓದುತ್ತಿದ್ದರು. ಅವರಲ್ಲಿ ಇಬ್ಬರು ನಾನೇ; ಒಮ್ಮೆ ಮನೆಯಿಂದ, ಒಮ್ಮೆ ಸರಿಯಾಗಿ ಕಾಣುತ್ತದೋ ಇಲ್ಲವೋ ಎಂದು ನೋಡಲು ಸೈಬರ್ ಕೆಫೆಯಿಂದ.

ಚೀಲದ ಕೆಲಸ ಹೀಗೆ ನಡೆಯಿತು. ಮೊದಲು ಪ್ರತಿ ಫಾರ್ಮಿಗೂ ಅದರ ಫೋಟೊಗೂ ಒಂದೇ ಕ್ರಮಸಂಖ್ಯೆ ಕೊಟ್ಟೆ. ಫೋಟೊಗಳನ್ನು ಸ್ಕ್ಯಾನರಿನ ಗಾಜಿನ ಮೇಲೆ ಆರಾರು ಜೋಡಿಸಿ ಒಟ್ಟಿಗೆ ಸ್ಕ್ಯಾನ್ ಮಾಡಿ, ಆಮೇಲೆ ಬೇರ್ಪಡಿಸಿ, ಸಂಖ್ಯೆಯ ಹೆಸರಲ್ಲೇ ಉಳಿಸಿದೆ. ಕೆಲವಕ್ಕೆ ಸ್ಟೇಪ್ಲರ್ ಪಿನ್ನು ಹಣೆಯ ಮಧ್ಯಕ್ಕೇ ಹೊಡೆದಿದ್ದರು. ಕೆಲವರ ಮೇಲೆ ಸಂಘದ ರಬ್ಬರ್ ಸ್ಟಾಂಪಿನ ನೀಲಿ ಇಳಿದಿತ್ತು. ಎಲ್ಲಕ್ಕಿಂತ ದೊಡ್ಡ ಪೀಡೆ ಬೂಷ್ಟು. ಚೀಲ ಸಂಘದ ಕಚೇರಿಯ ಒದ್ದೆ ಗೋಡೆಗೆ ಆನಿಸಿಕೊಂಡು ಒಂದು ತಿಂಗಳು ಕೂತಿತ್ತು. ಫೋಟೊಗಳ ಮೇಲೆ ಬೆಳ್ಳಗೆ, ಅಂಚು ಮಸುಕಾದ, ದುಂಡು ಕಲೆಗಳು ಎದ್ದಿದ್ದವು. ಸೀರೆ ಮೇಲೆ, ಕೋಟಿನ ಮೇಲೆ, ಮೂಗಿನ ಮೇಲೆ. ಒಬ್ಬ ಇಂಜಿನಿಯರನಿಗಂತೂ ಬಿಳಿ ಮೀಸೆಯೇ ಬಂದಿತ್ತು.

ಒಂದೊಂದನ್ನೂ ತೆರೆದು, ದೊಡ್ಡದು ಮಾಡಿ, ಪಕ್ಕದ ಒಳ್ಳೆಯ ಚರ್ಮದ ತುಣುಕನ್ನು ಎತ್ತಿ ಕಲೆಯ ಮೇಲೆ ಕೂರಿಸುವುದು. ಅಂಚು ಕಾಣದಂತೆ ಬೆರೆಸುವುದು. ಮೊದಲ ಇಪ್ಪತ್ತು ಮುಖಗಳನ್ನು ಮನುಷ್ಯರೆಂದು ನೋಡಿದೆ. ಆಮೇಲೆ ಕಲೆಗಳಷ್ಟೇ ಕಾಣುತ್ತಿದ್ದವು. ಕೈ ಮೌಸಿನ ಮೇಲೆ ಓಡುತ್ತಿತ್ತು, ತಲೆ ಎಲ್ಲೋ ಇರುತ್ತಿತ್ತು. ಕಾರ್ಯದರ್ಶಿಗಳು ನಡುನಡುವೆ ಫೋನ್ ಮಾಡಿ, "ಹುಡುಗ್ಯಾರನ್ನ ಒಂದೀಟು ಬೆಳ್ಳಗ ಮಾಡ್ರಿ" ಎನ್ನುತ್ತಿದ್ದರು. "ಹುಡುಗರನ್ನ?" ಎಂದರೆ "ಅವರು ಹೆಂಗದಾರ ಹಂಗ ಇರ್ಲಿ" ಎಂದು ನಗುತ್ತಿದ್ದರು. ನಾನು ಅದನ್ನು ಮಾಡಲಿಲ್ಲ. ಯಾರನ್ನೂ ಬೆಳ್ಳಗೆ ಮಾಡದ ಪ್ರಾಮಾಣಿಕಳು ಎಂದು ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ.

ಪುಟ ವಿನ್ಯಾಸದಲ್ಲಿ ಇನ್ನೊಂದು ತೊಡಕು. ಅರವತ್ತನಾಲ್ಕು ಪುಟ ಮೀರುವ ಹಾಗಿರಲಿಲ್ಲ. ಪುಟಕ್ಕೆ ಆರು ಜನ ಹಿಡಿಯಬೇಕಾದರೆ ಏನಾದರೂ ಬಿಡಬೇಕಿತ್ತು. ಫಾರ್ಮಿನ ಕೊನೆಯಲ್ಲಿ 'ಇತರೆ' ಎಂಬ ಸಾಲಿತ್ತು. ಐದಾರು ಫಾರ್ಮು ತಿರುವಿ ನೋಡಿದೆ. 'ಮನೆಗೆಲಸದಲ್ಲಿ ನಿಪುಣೆ', 'ಸಾಧು ಸ್ವಭಾವ', 'ದೈವಭಕ್ತ'. ಇದರಿಂದ ಯಾರಿಗೂ ನಷ್ಟವಿಲ್ಲವೆಂದು ಆ ಸಾಲನ್ನು ಎಲ್ಲರಿಗೂ ಕಿತ್ತುಹಾಕಿದೆ. ಪುಟ ಎಷ್ಟು ಅಚ್ಚುಕಟ್ಟಾಗಿ ಬಂತೆಂದರೆ ಎದ್ದು ಒಂದು ಲೋಟ ಚಹಾ ಮಾಡಿಕೊಂಡು ಅದರ ಮುಂದೆ ಕೂತು ಕುಡಿದೆ.

ಎಂಬತ್ತೇಳನೇ ಸಂಖ್ಯೆಯ ಫೋಟೊದಲ್ಲಿ ಬೂಷ್ಟು ಬಲು ಹಟಮಾರಿಯಾಗಿತ್ತು. ತುಟಿಯ ಬಲತುದಿಯಿಂದ ಕೆನ್ನೆಯವರೆಗೆ ಮೂರು ಬಿಳಿ ಕಲೆ. ತುಟಿಯ ಅಂಚನ್ನು ಕೆಡಿಸದೆ ಅದನ್ನು ತೆಗೆಯುವುದು ಸುಲಭವಿರಲಿಲ್ಲ. ಎಡತುಟಿಯ ತುದಿಯನ್ನು ನಕಲು ಮಾಡಿ, ಕನ್ನಡಿಯಂತೆ ತಿರುಗಿಸಿ, ಬಲಕ್ಕೆ ಜೋಡಿಸಿ, ನೆರಳು ಸರಿಮಾಡಿದೆ. ಅರ್ಧ ದಿನ ಹಿಡಿಯಿತು. ಮುಗಿದಾಗ ಕಲೆ ಇದ್ದ ಗುರುತೂ ಇರಲಿಲ್ಲ. ಇದನ್ನು ಯಾರಿಗಾದರೂ ತೋರಿಸಬೇಕೆನಿಸಿತು. ತೋರಿಸಲು ಯಾರಿದ್ದರು? ಬ್ಲಾಗಿನಲ್ಲಿ 'ಮಳೆಗಾಲದ ಫೋಟೊಗಳನ್ನು ಉಳಿಸುವುದು ಹೇಗೆ' ಎಂದು ಬರೆದು, ಮೊದಲು ಹೀಗಿತ್ತು, ಈಗ ಹೀಗಿದೆ ಎಂದು ಎರಡು ತುಣುಕು ಹಾಕಿದೆ. ಪೂರ್ತಿ ಮುಖ ಹಾಕಲಿಲ್ಲ. ತುಟಿಯ ತುದಿ, ಕೆನ್ನೆ, ಕಿವಿಯ ಝುಮುಕಿ ಅಷ್ಟೇ. 'ಬೂಷ್ಟು ಈ ಮುಖವನ್ನು ತಿಂದುಹಾಕಿತ್ತು' ಎಂದು ಅಲಂಕಾರವಾಗಿ ಬರೆದಿದ್ದೆ.

ವೆಬ್‌ಸೈಟು ಅಂತರ್ಜಾಲಕ್ಕೆ ಏರಿತು. ಪುಟದ ತಳದಲ್ಲಿ, ಆಗ ನಾವೆಲ್ಲ ಮಾಡುತ್ತಿದ್ದಂತೆ, 'ವಿನ್ಯಾಸ' ಎಂದು ನನ್ನ ಹೆಸರು ಹಾಕಿ ಅದಕ್ಕೆ ನನ್ನ ಬ್ಲಾಗಿನ ಕೊಂಡಿ ಕೊಟ್ಟೆ. ಸ್ವಂತ ಕಸುಬಿನವರಿಗೆ ಅದೇ ಬೋರ್ಡು. ನಾರಾಯಣ ಪೇಟೆಯ ಪ್ರೆಸ್ಸಿನಲ್ಲಿ ಪುಸ್ತಿಕೆಯ ಐನೂರು ಪ್ರತಿ ಅಚ್ಚಾಗಿ, ಪಿನ್ನು ಹೊಡೆದು, ಅಂಚು ಕತ್ತರಿಸಿ, ಕಟ್ಟುಕಟ್ಟಾಗಿ ಕೂತವು. ಸಮಾವೇಶ ಭಾನುವಾರ. ಕಾರ್ಯದರ್ಶಿಗಳು ಶನಿವಾರ ಸಂಜೆ ಟೆಂಪೊ ತರುವವರಿದ್ದರು.

ಆ ವಾರದ ಮಂಗಳವಾರ ಬೆಳಿಗ್ಗೆ ಬ್ಲಾಗು ತೆರೆದರೆ ಬೂಷ್ಟಿನ ಬರಹದ ಕೆಳಗೆ ಒಂದು ಕಾಮೆಂಟು ಬಂದಿತ್ತು. ತಿಂಗಳುಗಟ್ಟಲೆ ಆ ಜಾಗ ಖಾಲಿ ಬಿದ್ದಿರುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಎದೆ ಒಮ್ಮೆ ಕುಣಿಯಿತು. ಓದುವ ಮೊದಲು ಕನ್ನಡಕ ಒರೆಸಿಕೊಂಡೆ. ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದ ಕನ್ನಡ.

"ಅಕ್ಕಾರ, ಅದು ಬೂಷ್ಟಲ್ರಿ. ನನ್ನ ಮಾರಿ ಅದು. ನಂಬರ್ 87."

ಮೂರು ಸಲ ಓದಿದೆ. ಫಾರ್ಮುಗಳ ಕಟ್ಟು ಬಿಚ್ಚಿ ಎಂಬತ್ತೇಳನ್ನು ಹುಡುಕಿ ತೆಗೆದೆ. ವಯಸ್ಸು ಇಪ್ಪತ್ತೊಂಬತ್ತು, ಊರು ಯಾದಗಿರಿ ಕಡೆ, ಭೋಸರಿಯ ಇಂಜಿನಿಯರಿಂಗ್ ಘಟಕವೊಂದರಲ್ಲಿ ತಪಾಸಣೆ ವಿಭಾಗದಲ್ಲಿ ಕೆಲಸ. ಕೊನೆಗೆ ನಾನು ಕಿತ್ತುಹಾಕಿದ ಸಾಲು. ಅದರಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: 'ಮುಖದ ಮೇಲೆ ತೊನ್ನಿನ ಕಲೆ ಇವೆ. ಫೋಟೊದಲ್ಲಿ ಕಾಣುತ್ತವೆ.' ಉಳಿದ ಫಾರ್ಮುಗಳ ಮೇಲೆಲ್ಲ ತಂದೆಯ ಸಹಿ ಇತ್ತು. ಇದರ ಮೇಲೆ ಅವಳದೇ ಸಹಿ.

ಫೋಟೊವನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದು ನೋಡಿದೆ. ಬೂಷ್ಟು ಕಾಗದದ ಮೇಲೆ ಏಳುತ್ತದೆ, ಬೆರಳಿಗೆ ತಗಲುತ್ತದೆ. ಇದು ನುಣ್ಣಗಿತ್ತು. ಮೊದಲೇ ಹೀಗೆ ಒಮ್ಮೆ ನೋಡಿದ್ದರೆ ಸಾಕಿತ್ತು.

ವೆಬ್‌ಸೈಟಿನ ಫೋಟೊ ಬದಲಿಸಲು ಎರಡು ನಿಮಿಷ. ಬ್ಲಾಗಿನ ಬರಹ ಅಳಿಸಲು ಅರ್ಧ ನಿಮಿಷ. ಬರಹ ಅಳಿಸಿದರೆ ಅದರ ಜೊತೆ ಆ ಕಾಮೆಂಟೂ ಹೋಗುತ್ತದೆ. ನಾಚಿಕೆಯ ಮಾತು, ಆದರೂ ಹೇಳುತ್ತೇನೆ: ನನಗೆ ಅಂತ ಯಾರೋ ಬರೆದ ಮಾತು ಹೋಗುತ್ತದಲ್ಲ ಎಂದು ಒಂದು ಕ್ಷಣ ಕೈ ತಡೆಯಿತು. ಆಮೇಲೆ ಅಳಿಸಿದೆ. ಆದರೆ ಪ್ರೆಸ್ಸಿನಲ್ಲಿ ಐನೂರು ಪ್ರತಿಗಳ ಹತ್ತೊಂಬತ್ತನೇ ಪುಟದಲ್ಲಿ ಅವಳು ನುಣುಪಾದ ಕೆನ್ನೆ ಹೊತ್ತು ಕೂತಿದ್ದಳು. ಅಲ್ಲಿ ಅಳಿಸುವ ಗುಂಡಿ ಇರಲಿಲ್ಲ.

ಕಾರ್ಯದರ್ಶಿಗಳಿಗೆ ಫೋನ್ ಮಾಡಿದೆ. ಎಲ್ಲ ಕೇಳಿಕೊಂಡರು.

"ಅದರಾಗೇನ್ರಿ ತಪ್ಪು? ಚಂದ ಕಂಡ್ರ ಯಾರರೆ ಜಗಳಾ ತಗೀತಾರೇನು?"

"ಆಕಿ ಬ್ಯಾಡ ಅಂದಾಳ್ರಿ. ಫಾರ್ಮಿನ್ಯಾಗೂ ಬರದಾಳ."

"ಹುಡುಗಿಗೆ ಏನ್ ತಿಳೀತದ. ತಡೀರಿ, ಅವರ ಮನಿಗೆ ಕೇಳ್ತೀನಿ."

ಗಂಟೆಯೊಳಗೆ ಅವರದೇ ಫೋನು ಬಂತು. "ಅವರವ್ವನ ಕೂಡ ಮಾತಾಡ್ದೆ. ದೇವರ ಆ ಮೇಡಮ್ಮೋರ ಕೈಲೆ ಮಾಡಸ್ಯಾನ, ಹಂಗ ಇರ್ಲಿ ಅಂದ್ರು. ಮುಗೀತಲ್ಲ?"

ನನಗೂ ಮುಗಿಯಿತು ಎನ್ನುವುದು ಸುಲಭವಿತ್ತು. ಕೆಲಸ ಕೊಟ್ಟವರೇ ಬೇಡವೆಂದರು, ತಾಯಿಯೇ ಕೈ ಮುಗಿದರು. ಮಧ್ಯಾಹ್ನವಿಡೀ ಬೇರೆ ಕೆಲಸ ತೆರೆದು ಕೂತೆ, ಒಂದು ಗೆರೆಯೂ ಎಳೆಯಲಾಗಲಿಲ್ಲ. ಮಾರನೆಯ ದಿನ, ಬುಧವಾರ, ಫಾರ್ಮಿನಲ್ಲಿದ್ದ ಕಾರ್ಖಾನೆಯ ವಿಳಾಸ ಹಿಡಿದು ಎರಡು ಬಸ್ಸು ಬದಲಿಸಿ ಭೋಸರಿಗೆ ಹೋದೆ. ಮೊದಲ ಪಾಳಿ ಬಿಡುವ ಹೊತ್ತಿಗೆ ಗೇಟಿನ ಹೊರಗೆ ಛತ್ರಿ ಹಿಡಿದು ನಿಂತೆ. ಗುರುತು ಹಿಡಿಯುವುದು ಕಷ್ಟವಾಗಲಿಲ್ಲ. ಆ ಕೆನ್ನೆ ನನಗೆ ಬಾಯಿಪಾಠವಾಗಿತ್ತು.

ನನ್ನ ಹೆಸರು ಹೇಳಿದೊಡನೆ ಅವಳು ತಾನೇ ಎದುರಿನ ಚಹಾದ ಅಂಗಡಿಗೆ ಕರೆದುಕೊಂಡು ಹೋದಳು. ಬೈಯುತ್ತಾಳೆಂದು ತಯಾರಾಗಿ ಹೋಗಿದ್ದೆ, ಬೈಯಲಿಲ್ಲ.

"ನಮ್ಮವ್ವ ಪ್ರತೀ ಸಲ ಪೌಡರ್ ಹಚ್ಚಿಸಿ ಫೋಟೊ ತಗಸ್ತಾಳ್ರಿ," ಎಂದಳು. "ಫೋಟೊ ನೋಡಿ ಬರ್ತಾರ. ಉಪ್ಪಿಟ್ಟು ತಿಂತಾರ. ನಾ ಬಂದು ಕುಂಡ್ರತೀನಿ. ಕಪ್ಪಿನ್ಯಾಗ ಚಾ ಇದ್ದಂಗನ ಎದ್ದು ಹೋಗ್ತಾರ. ಏಳು ಸಲ ಆಗ್ಯಾದ. ಅವರು ಹೊರಗ ಚಪ್ಪಲ್ ಹಾಕ್ಕೊಳೂತನಾ ಮನಿಯಾಗ ಒಬ್ರೂ ಮಾತಾಡಂಗಿಲ್ರಿ."

ನಾನು ಚೀಲದಿಂದ ಎಂಬತ್ತೇಳನೇ ಫೋಟೊ ತೆಗೆದು ಮೇಜಿನ ಮೇಲಿಟ್ಟೆ.

"ಈ ಫೋಟೊ ನಾನ ಬ್ಯಾರೆ ಸ್ಟುಡಿಯೊಕ್ಕ ಹೋಗಿ ತಗಸಿದ್ದು. ಸಂಘಕ್ಕ ನಾನ ಕೊಟ್ಟು ಬಂದೆ. ಇನ್ನ ನೋಡಿದವರಷ್ಟ ಬರ್ಲಿ ಅಂತ." ಗಾಜಿನ ಲೋಟ ಎತ್ತಿ ತಿರುಗಿಸಿ ನೋಡಿದಳು. "ನನ್ನ ಕೆಲಸ ಇದ ನೋಡ್ರಿ. ಮಾಲು ಅಳದು ನೋಡೂದು. ಊಣ ಇದ್ದದ್ದು ಮುಚ್ಚಿ ಕಳಿಸಿದ್ರ ವಾಪಸ್ ಬರ್ತದ. ನಂದು ಊಣಾನೂ ಅಲ್ಲ. ಆದರೂ ವಾಪಸ್ ಬರೂದಂತೂ ಬ್ಯಾಡಾಗೇದ."

ಅಲ್ಲೇ ನಿರ್ಧಾರವಾಯಿತು. ಸರಿಯಾದ ಫೋಟೊದ ಸ್ಟಿಕರ್ ಮಾಡಿಸಿ ಹಳೆಯದರ ಮೇಲೆ ಅಂಟಿಸುತ್ತೇನೆ ಎಂದೆ. ಅವಳು ಬೇಡವೆಂದು ತಲೆಯಾಡಿಸಿದಳು.

"ಚೀಟಿ ಹಚ್ಚಿದ್ರ ಎಲ್ಲಾರೂ ಕೆರದು ನೋಡ್ತಾರ್ರಿ ಅಕ್ಕಾರ."

ಸರಿಯೇ. ತಿದ್ದಿದ್ದೇ ಕಾಣಬಾರದು. ಹಾಗಿದ್ದರೆ ಹಾಳೆಯನ್ನೇ ಬದಲಿಸಬೇಕು. ನಮ್ಮ ಪುಸ್ತಿಕೆ ನಡುವೆ ಮಡಿಸಿ ಪಿನ್ನು ಹೊಡೆದದ್ದು, ಹದಿನಾರು ಹಾಳೆ ಒಂದರೊಳಗೊಂದು. ಹತ್ತೊಂಬತ್ತನೇ ಪುಟವಿರುವುದು ಹೊರಗಿನಿಂದ ಹತ್ತನೇ ಹಾಳೆ. ಅದರ ಇನ್ನರ್ಧದಲ್ಲಿ ನಲವತ್ತೈದು, ನಲವತ್ತಾರನೇ ಪುಟದ ವರಮಹಾಶಯರಿದ್ದರು. ಅದೊಂದೇ ಹಾಳೆಯನ್ನು ಹೊಸದಾಗಿ ಅಚ್ಚು ಮಾಡಿ, ಐನೂರು ಪುಸ್ತಿಕೆಗಳ ಪಿನ್ನು ಬಿಚ್ಚಿ, ಹಳೆಯದು ತೆಗೆದು ಹೊಸದು ಇಟ್ಟು, ಮತ್ತೆ ಪಿನ್ನು ಹೊಡೆಯಬೇಕು. ಕಾರ್ಯದರ್ಶಿಗಳನ್ನು ಮತ್ತೆ ಕೇಳಲಿಲ್ಲ. ಕೇಳಿದರೆ ಬೇಡ ಎನ್ನುತ್ತಾರೆ. ಫಾರ್ಮಿನ ಮೇಲೆ ಸಹಿ ಇದ್ದದ್ದು ಅವರದಲ್ಲ.

ಪ್ರೆಸ್ಸಿನ ಮಾಲೀಕರು ಮರಾಠಿಗರು, ನಿಧಾನದ ಮನುಷ್ಯ. ಕಟ್ಟಿಟ್ಟ ಪುಸ್ತಕ ಬಿಚ್ಚುತ್ತೇನೆ ಎಂದಾಗ ನನ್ನ ಮುಖವನ್ನೇ ನೋಡಿದರು. "ಕಾಯ್ ಝಾಲಂ ಮ್ಯಾಡಮ್?" ಎಂದು ಕೇಳಿದರು. ಏನಾಯಿತೆಂದು ಹೇಳಿ, ಖರ್ಚು ನನ್ನದೆಂದೆ. ಮಷಿನ್ ಗುರುವಾರ ಮಧ್ಯಾಹ್ನ ಖಾಲಿ ಇದೆ, ಬಿಚ್ಚುವ ಕೆಲಸಕ್ಕೆ ಮಾತ್ರ ಜನ ಕೊಡಲಾರೆ, ಗಣಪತಿ ಹಬ್ಬದ ಕೆಲಸ ತಲೆ ಮೇಲಿದೆ ಎಂದರು. ಅಷ್ಟು ಸಾಕಿತ್ತು.

ಗುರುವಾರ ಭೋಸರಿಯ ಕಾರ್ಖಾನೆಗಳಿಗೆ ವಾರದ ರಜೆ. ಅವಳೂ ಬೆಳಿಗ್ಗೆಯೇ ನನ್ನ ಮನೆಗೆ ಬಂದಳು. ಆ ಕೋಣೆಗೆ ಕೆಲಸದ ಚೀಲ ಹಿಡಿಯದೆ ಬಂದವರಲ್ಲಿ ಅವಳೇ ಮೊದಲಿಗಳು. ಕುರ್ಚಿ ಒಂದೇ ಇತ್ತು. ಅವಳು ಮಂಚದ ಅಂಚಿನಲ್ಲಿ ಕೂತು ಪರದೆ ನೋಡಿದಳು.

ಮೂಲ ಫೋಟೊವನ್ನು ಹಾಗೇ ಇಟ್ಟರಾಯಿತು ಎಂದುಕೊಂಡಿದ್ದೆ. ಆಗಲಿಲ್ಲ. ಪುಸ್ತಿಕೆ ಕಪ್ಪುಬಿಳುಪು. ಪ್ರಿಂಟ್ ತೆಗೆದರೆ ಕಲೆ ಇದ್ದಲ್ಲಿ ಮಸಿಯ ಚುಕ್ಕಿಯೇ ಬೀಳದೆ ಬರೀ ಕಾಗದ ಕಂಡಿತು, ಕೆನ್ನೆಯಲ್ಲಿ ತೂತು ಬಿದ್ದ ಹಾಗೆ. ಅದೂ ಅವಳ ಮುಖವಲ್ಲ. ಕಲೆಗೆ ತೀರ ತೆಳುವಾದ ಬೂದುಬಣ್ಣ ಕೊಟ್ಟು, ಸುತ್ತಲಿನ ಚರ್ಮವನ್ನು ಒಂದಿಷ್ಟು ತಿಳಿಗೊಳಿಸಿ, ಮತ್ತೆ ಪ್ರಿಂಟ್. ಅಳಿಸಲು ಹಿಡಿದಷ್ಟೇ ಹೊತ್ತು ಉಳಿಸಲೂ ಹಿಡಿಯಿತು. ಅವಳು ಪ್ರತಿ ಪ್ರಿಂಟನ್ನೂ ನನ್ನ ಗೋಡೆಯ ಕನ್ನಡಿಯ ಪಕ್ಕ ಹಿಡಿದು ತನ್ನ ಮುಖದೊಂದಿಗೆ ತಾಳೆ ನೋಡಿದಳು.

"ತುಟಿ ಕಡೇದು ಇನ್ನಷ್ಟು ದೊಡ್ಡದದ್ರಿ," ಎಂದಳು ಒಮ್ಮೆ. "ಇಲ್ಲಿ ಸಣ್ಣದು ಕಾಣ್ತದ."

ಐದನೆಯದಕ್ಕೆ ಹೂಂ ಎಂದಳು. ಆ ಪುಟದ ಅಕ್ಷರವನ್ನು ಅರ್ಧ ಪಾಯಿಂಟ್ ಚಿಕ್ಕದು ಮಾಡಿ ಆರೂ ಜನರಿಗೆ 'ಇತರೆ' ಸಾಲನ್ನು ವಾಪಸು ಕೊಟ್ಟೆ, ಅವಳೊಬ್ಬಳಿಗೇ ಕೊಟ್ಟರೆ ಎದ್ದು ಕಾಣುತ್ತದೆಂದು. ಹಾಗಾಗಿ ಆ ವರ್ಷ ಇಡೀ ಪುಸ್ತಿಕೆಯಲ್ಲಿ ಹತ್ತೊಂಬತ್ತನೇ ಪುಟದ ಹುಡುಗಿಯರಷ್ಟೇ ಸಾಧು ಸ್ವಭಾವದವರೂ ಮನೆಗೆಲಸದಲ್ಲಿ ನಿಪುಣರೂ ಆಗಿದ್ದರು.

ಅದೇ ಮಧ್ಯಾಹ್ನ ಹಾಳೆ ಅಚ್ಚಾಯಿತು. ಶುಕ್ರವಾರ ಮಡಿಸಿ ಕತ್ತರಿಸಲು ಹೋದಾಗ ಇನ್ನೊಂದು ಎಡವಟ್ಟು. ಒಂದರೊಳಗೊಂದು ಸೇರಿಸಿ ಅಂಚು ಕತ್ತರಿಸಿದ ಪುಸ್ತಿಕೆಯಲ್ಲಿ ಒಳಗಿನ ಹಾಳೆಗಳು ಹೊರಗಿನವಕ್ಕಿಂತ ಕೂದಲೆಳೆಯಷ್ಟು ಗಿಡ್ಡ. ಪುಸ್ತಕದ ಅಳತೆಗೇ ಕತ್ತರಿಸಿದ್ದರಿಂದ ಹೊಸ ಹಾಳೆ ಹೊರಚಾಚಿತು. ಪುಸ್ತಕ ಕೈಗೆತ್ತಿಕೊಂಡವನ ಹೆಬ್ಬೆರಳು ನೇರ ಅಲ್ಲಿಗೇ ಹೋಗುತ್ತಿತ್ತು. ಹಳೆಯ ಹಾಳೆಯೊಂದನ್ನು ಸ್ಟೀಲ್ ಸ್ಕೇಲಿನಲ್ಲಿ ಅಳೆದು, ಆ ಅಳತೆಗೆ ಎಲ್ಲವನ್ನೂ ಮತ್ತೆ ಕತ್ತರಿಸಿಕೊಂಡೆ.

ಆಮೇಲೆ ಪ್ರೆಸ್ಸಿನ ಮೂಲೆಯಲ್ಲಿ ಗೋಣಿಚೀಲ ಹಾಸಿಕೊಂಡು ಕೂತೆ. ಚಪ್ಪಟೆ ಚಾಕುವಿನಿಂದ ಪಿನ್ನಿನ ಕಾಲು ಎಬ್ಬಿಸು, ಎಳೆ, ನಡುವಿನ ಆರು ಹಾಳೆ ಎತ್ತಿಡು, ಹತ್ತನೆಯದು ತೆಗೆ, ಹೊಸದು ಇಡು, ಆರನ್ನೂ ಮೇಲಿಡು, ತಟ್ಟಿ ಸರಿಮಾಡು, ಅದೇ ತೂತಿನ ಪಕ್ಕ ಮಷಿನ್ನಿನಲ್ಲಿ ಹೊಸ ಪಿನ್ನು ಹೊಡೆ. ಶುಕ್ರವಾರ ಇನ್ನೂರೈವತ್ತೂ ಆಗಲಿಲ್ಲ. ಶನಿವಾರ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆ. ಸುತ್ತಲೂ ಮರಾಠಿ ಮಾತು, ಮಷಿನ್ನಿನ ಸದ್ದು. ಯಾರೂ ನನ್ನನ್ನು ಮಾತಾಡಿಸಲಿಲ್ಲ, ನನಗೂ ಬೇಕೆನಿಸಲಿಲ್ಲ. ನನ್ನ ಒಂಟಿತನದ ಮೇಲೆ ನನಗೇ ಸಿಟ್ಟು ಬಂದದ್ದು ಅಲ್ಲೇ. ಮುನ್ನೂರು ಜನರ ಮುಖವನ್ನು ವಾರಗಟ್ಟಲೆ ಮುಂದಿಟ್ಟುಕೊಂಡು ಕೂತವಳು, ಮಾತಾಡಲು ಯಾರೂ ಇಲ್ಲವೆಂದು ಗೋಳಾಡಿದವಳು, ಒಂದು ಫೋನ್ ಮಾಡಿ 'ಇದು ಏನ್ರಿ' ಎಂದು ಕೇಳಬಹುದಿತ್ತು. ಕೇಳಬೇಕೆಂದು ಹೊಳೆದೇ ಇರಲಿಲ್ಲ.

ಟೆಂಪೊ ಬಂದಾಗ ಹನ್ನೆರಡು ಪ್ರತಿ ಬಾಕಿ ಇದ್ದವು. ಅವನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಕಾರ್ಯದರ್ಶಿಗಳು ಒಂದು ಪುಸ್ತಿಕೆ ಎತ್ತಿ ಹತ್ತೊಂಬತ್ತನೇ ಪುಟ ತೆರೆದರು. ಪ್ರೆಸ್ಸಿನವರು ಹೇಳಿದ್ದರೇನೋ, ಗೊತ್ತಾಗಿತ್ತು. ನನ್ನ ಕಪ್ಪಾದ ಬೆರಳುಗಳನ್ನೂ ಪುಟವನ್ನೂ ನೋಡಿದರು.

"ಹೇಳಿ ಮಾಡಬೇಕಾಗಿತ್ರಿ," ಎಂದಷ್ಟೇ ಅಂದರು. ಮುಂದಿನ ವರ್ಷ ಪುಸ್ತಿಕೆಯ ಕೆಲಸ ಬೇರೆಯವರಿಗೆ ಹೋಯಿತು.

ಭಾನುವಾರ ನಾನೂ ಹೋದೆ. ಸಮಾವೇಶದ ಪದ್ಧತಿ ಹೀಗೆ: ಒಬ್ಬೊಬ್ಬರೇ ವೇದಿಕೆ ಹತ್ತಿ, ಮೈಕಿನಲ್ಲಿ ಮೊದಲು ತಮ್ಮ ಕ್ರಮಸಂಖ್ಯೆ ಹೇಳಬೇಕು. ಸಂಖ್ಯೆ ಕೇಳಿದೊಡನೆ ಸಭಾಗೃಹದಲ್ಲಿ ಕೂತವರೆಲ್ಲ ಆ ಪುಟ ತಿರುವುತ್ತಾರೆ. ಅವಳು ಹಸಿರು ಸೀರೆಯಲ್ಲಿ ಬಂದು "ಎಂಬತ್ತೇಳು" ಎಂದಳು. ಪುಟಗಳ ಸದ್ದು ಆಯಿತು. ತಲೆಗಳು ಕೆಳಗೆ ಹೋದವು, ಮೇಲೆ ಬಂದವು. ಎದುರು ಸಾಲಿನ ಹೆಂಗಸೊಬ್ಬಳು ಪುಸ್ತಕದ ಮೇಲೆ ಬೆರಳಿಟ್ಟು ಪಕ್ಕದವಳ ಕಿವಿಯಲ್ಲಿ ಏನೋ ಅಂದಳು. ವೇದಿಕೆಯ ಮೇಲೆ ಅವಳು ತನ್ನ ಓದು, ಕೆಲಸ, ಊರು ಹೇಳಿ, ನಮಸ್ಕಾರ ಮಾಡಿ ಇಳಿದಳು.

ಆಮೇಲೆ ಕುಟುಂಬಗಳು ಪರಸ್ಪರ ಭೇಟಿಯಾಗುವ ಹೊತ್ತು. ಒಂದೂವರೆ ಗಂಟೆ ಅವಳೂ ಅವಳ ತಾಯಿಯೂ ಗೋಡೆಯ ಪಕ್ಕದ ಕುರ್ಚಿಗಳಲ್ಲಿ ಕೂತಿದ್ದರು. ಅವರ ಮುಂದಿನ ಎರಡು ಕುರ್ಚಿ ಖಾಲಿಯೇ ಉಳಿದವು. ತಾಯಿ ನನ್ನನ್ನು ನೋಡಿ ಮುಖ ತಿರುಗಿಸಿದರು. ಬದಲಿಸದೆ ಬಿಟ್ಟಿದ್ದರೆ ಆ ಕುರ್ಚಿಗಳಲ್ಲಿ ಇಷ್ಟು ಹೊತ್ತಿಗೆ ಯಾರಾದರೂ ಕೂತಿರುತ್ತಿದ್ದರು ಎಂದು ನನಗೂ ಅನ್ನಿಸದೆ ಇರಲಿಲ್ಲ.

ಊಟದ ಸಾಲಿನಲ್ಲಿ ಅವಳು ತಾನಾಗಿ ಬಂದು ನನ್ನ ಪಕ್ಕ ಕೂತಳು. ಬದನೆಕಾಯಿ ಪಲ್ಯ, ಚಪಾತಿ ಬಂತು. ತಿನ್ನುತ್ತಾ ಕೂತೆವು.

"ಯಾರೂ ಬರ್ಲಿಲ್ಲಲ್ಲವಾ," ಎಂದೆ.

"ಇಲ್ರಿ," ಎಂದಳು. ತುತ್ತು ನುಂಗಿ ನನ್ನ ಕಡೆ ತಿರುಗಿದಳು. "ಯಾರೂ ಎದ್ದೂ ಹೋಗ್ಲಿಲ್ರಿ ಅಕ್ಕಾರ."

ಅನ್ನದ ಬುಟ್ಟಿ ಬಂತು. ಅವಳು ಎರಡು ಸಲ ಹಾಕಿಸಿಕೊಂಡಳು.